ಒಂದೇ ಸಲ ಕರೆದರು

ಗೆಳೆಯರೇ, ಇಂದು ಬೋನಾಳ ಕೆರೆಯ ದಂಡೆಯಲ್ಲಿ ಒಂದು ವ್ಯಾನು ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು. ಒಳಗೇ ಹಾಸಿಗೆ, ಒಲೆ ಇರುವ ಗಾಡಿ. ಹಕ್ಕಿ ನೋಡಲು ಮೈಸೂರಿನಿಂದ ಬಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು. ನಾನೂ ಕೈಹಚ್ಚಿ ನೂಕಿದೆ, ಗಾಡಿ ಮೇಲೆ ಬಂತು.

ಆ ಅಕ್ಕ ಚಾಪೆ ಹಾಸಿ, "ಬನ್ನಿ, ನಮ್ಮ ಜೊತೆ ಊಟ ಮಾಡಿ" ಎಂದರು. ಚಿಕ್ಕ ಹುಡುಗಿ ಸರಿದು ಜಾಗವನ್ನೂ ಬಿಟ್ಟಳು.

ಅಪ್ಪ, ಅವ್ವ ಪುಣೆಗೆ ದುಡಿಯಲು ಹೋದಾಗಿನಿಂದ ನಾನು ಒಬ್ಬನೇ ಉಣ್ಣುತ್ತೇನೆ. ಕೂರಬೇಕೆಂದು ಬಹಳ ಆಸೆಯಾಯಿತು. ಆದರೆ ನಮ್ಮ ಕಡೆ ಮೊದಲ ಕರೆಗೇ ಯಾರೂ ಕೂರುವುದಿಲ್ಲ.

"ಬ್ಯಾಡ್ರಿ ಅಕ್ಕಾರ, ಈಗರೆ ಉಂಡ್ ಬಂದೀನ್ರಿ" ಅಂದೆ.

"ಹೌದಾ? ಸರಿ ಹಾಗಾದ್ರೆ" ಎಂದು ಅವರು ಊಟಕ್ಕೆ ಕೂತರು.

ನಮ್ಮೂರಲ್ಲಾಗಿದ್ದರೆ, "ಏ ಕುಂದ್ರೋ, ನಾಟಕ ಮಾಡಬ್ಯಾಡ" ಎಂದು ರಟ್ಟೆ ಹಿಡಿದು ಎಳೆಯುತ್ತಿದ್ದರು. ಎರಡನೆಯ ಕರೆಗಾಗಿ ಚಪ್ಪಲಿಯ ಕೆಸರು ಒರೆಸುತ್ತಾ ಬಹಳ ಹೊತ್ತು ನಿಂತೆ.

ಒಳ್ಳೆಯ ಜನ. ಹೇಳಿದ್ದನ್ನು ನಂಬಿಬಿಡುತ್ತಾರೆ.