ಫೋಟೋದ ಕೆಳಗಿದ್ದ ಬಟನ್

ಬೋರಗಾಂವದಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಸ್ನೇಹಲಳ ಮನೆ. ಮದುವೆಗೆ ಮುಂಚೆ ಅವಳು ನಿಪ್ಪಾಣಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಮಾಡುತ್ತಿದ್ದಳು. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕ ಯಾರನ್ನು ನಿಲ್ಲಿಸಿದರೆ ಜಗಳವಾಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವಳ ಕೈಗುಣ ನೋಡಿ ಹತ್ತಿರದ ಕಾಲೇಜಿನವರು ವಿದ್ಯಾರ್ಥಿಗಳ ಪೋರ್ಟಲ್ ನೋಡಿಕೊಳ್ಳಲು ಕರೆದರು. ಕೆಲಸ ಇನ್ನೂ ಕಾಯಂ ಆಗಿಲ್ಲ.

ಪೋರ್ಟಲಿನ ಮೊದಲ ಪುಟವನ್ನೂ ಅವಳು ಫ್ಲೆಕ್ಸಿನಂತೆಯೇ ಜೋಡಿಸಿದ್ದಳು. ಮೇಲೆ ಕಾಲೇಜಿನ ಚೇರಮನ್, ಎಲ್ಲರೂ ‘ಅಣ್ಣಾ’ ಎನ್ನುವ ರಾವಸಾಹೇಬರ ಕೈಮುಗಿದ ದೊಡ್ಡ ಫೋಟೋ, ಕೆಳಗೆ ಆಡಳಿತ ಮಂಡಳಿಯ ಸಂಚಾಲಕರ ಸಾಲು, ಆಮೇಲೆ ಶುಭಾಶಯ. ಹಾಜರಿ, ವೇಳಾಪಟ್ಟಿ, ಪರೀಕ್ಷೆಯ ಅರ್ಜಿ ಎಲ್ಲ ತಳದಲ್ಲಿ, ಫ್ಲೆಕ್ಸಿನಲ್ಲಿ ಗೆಳೆಯರ ಬಳಗದ ಹೆಸರು ಬರುವ ಜಾಗದಲ್ಲಿ. ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ಚೇರಮನ್ನರಿಗಂತೂ ಬಹಳ ಹಿಡಿಸಿತ್ತು.

ಅವತ್ತು ಸಂಜೆ ನಾನು ಮಗಳಿಗೆ ಗಂಜಿ ಕುಡಿಸುತ್ತಿದ್ದೆ. ಸ್ನೇಹಲ ಲ್ಯಾಪ್‌ಟಾಪ್ ಹಿಡಿದು ನಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಅವಳ ಮನೆಗಿಂತ ನಮ್ಮಲ್ಲಿ ನೆಟ್ ಚೆನ್ನಾಗಿ ಸಿಗುತ್ತದೆ. ಆಗ ಮನಿಷಾಳ ಫೋನು ಬಂತು. ಮನಿಷಾ ಭೋಜದ ಕುರಿಗಾರ ಲಕ್ಷ್ಮಣನ ಮಗಳು, ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ರಜೆಯಲ್ಲಿ ಅಪ್ಪನ ಜೊತೆ ಕುಡಚಿಯ ಆಚೆ, ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದಲ್ಲಿ ಇದ್ದಳು.

“ಮ್ಯಾಡಮ್, ಪರೀಕ್ಷಾ ಅರ್ಜಿ ತುಂಬಾಕ ಇವತ್ತ ಕಡೀ ದಿನ ಅಲ್ರಿ? ಲಾಗಿನ್ ತೆರದೈತ್ರಿ, ಆ ಒಂದ ಬಟನ್ ಒತ್ತಿದ್ರ ಮುಗೀತು, ಆದ್ರ ಒತ್ತಾಕ ಬರವಲ್ದು.”

“ತಳಕ್ಕ ಐತಿ ನೋಡವ್ವಾ.”

“ಕಾಣತೈತ್ರಿ. ಅಪ್ಪನ ಫೋನ್ ಮ್ಯಾಲೆ ಟಗರು ಕಾಲಿಟ್ಟೈತಿ. ಸ್ಕ್ರೀನಿನ ಕೆಳಗಿನ ಅರ್ಧ ಸತ್ತೈತ್ರಿ. ಎಷ್ಟ ಸರಿಸಿದ್ರೂ ಬಟನ್ ಆ ಅರ್ಧದಾಗ ಉಳೀತೈತಿ.”

ಹಿಂದಿನಿಂದ ಲಕ್ಷ್ಮಣನ ದನಿ ಕೇಳಿತು: “ಟಗರಿಗ್ಯಾಕ ಬೈತಿ ಬೇ, ನೆಲದಾಗ ಇಟ್ಟಾಕಿ ನೀನ!”

ಬಟನ್ ಪುಟದ ಕಟ್ಟಕಡೆಗಿತ್ತು, ಅದಕ್ಕಿಂತ ಮೇಲೆ ಏರುವಂತಿರಲಿಲ್ಲ. ವಿದ್ಯಾರ್ಥಿಯ ಲಾಗಿನ್ನನ್ನು ಸಿಬ್ಬಂದಿ ತೆರೆಯುವ ಹಾಗಿಲ್ಲ. ಆ ಹೊಲದಲ್ಲಿ ಬೇರೆ ಫೋನೂ ಇಲ್ಲ. ಅರ್ಜಿ ಹೋಗದಿದ್ದರೆ ಮನಿಷಾಳ ಒಂದು ವರ್ಷ ಹೋದಂತೆಯೇ.

“ಅದನ್ನ ಮ್ಯಾಲೆ ತರಬೇಕಂದ್ರ ಅಣ್ಣಾರ ಫೋಟೋ ಇಳಸಬೇಕು ವೈನಿ,” ಎಂದಳು ಸ್ನೇಹಲ ನನಗೆ. “ನಾಳೆ ನನ್ನ ಮನಿಗೆ ಕಳಸ್ತಾರ.”

“ಕಳಿಸಿದ್ರ ಇಲ್ಲೇ ಬಾ. ಇಕೀನ ಆಡಸಾಕ ಒಬ್ರು ಬೇಕಾಗ್ಯಾರ.”

ಅವಳು ನಗಲಿಲ್ಲ.  ಅರ್ಜಿಯ ಚೌಕವನ್ನು ಎಳೆದು ಪುಟದ ಮೇಲ್ತುದಿಗೆ ತಂದಳು, ಚೇರಮನ್ನರನ್ನು ತಳಕ್ಕೆ ಬಿಟ್ಟಳು.

“ಈಗ ತಗದ ನೋಡ,” ಎಂದಳು ಮನಿಷಾಳಿಗೆ.

ಸ್ವಲ್ಪ ಹೊತ್ತಿನ ಮೇಲೆ ಮನಿಷಾ ಮತ್ತೆ ಫೋನ್ ಮಾಡಿದಳು. “ಹೋತ್ರಿ ಮ್ಯಾಡಮ್! ಅರ್ಜಿ ಹೋತು!” ಹಿಂದೆ ಕುರಿಗಳು ಒಂದೇ ಸಮ ಕೂಗುತ್ತಿದ್ದವು.

ಮರುದಿನದ್ದನ್ನು ಸ್ನೇಹಲಳೇ ಬಂದು ಹೇಳಿದಳು. ರಾವಸಾಹೇಬರು ಅವಳನ್ನು ಕರೆಸಿ, ಪೋರ್ಟಲ್ ತೆರೆದಿದ್ದ ಫೋನನ್ನು ಮೇಜಿನ ಮೇಲೆ ಇಟ್ಟರಂತೆ. “ಏನವ್ವಾ, ನನ್ನ ಪೂರಾ ಕಾಲಕಸ ಮಾಡಿಬಿಟ್ಟೆಲ್ಲ? ಸಂಚಾಲಕರೆಲ್ಲ ನನ್ನ ತೆಲಿ ಮ್ಯಾಲೆ ಕುಂತಾರ!”

ಇವಳು ಮನಿಷಾಳ ವಿಷಯ ಹೇಳಿದಳು. ಟಗರಿನದನ್ನೂ ಬಿಡಲಿಲ್ಲ.

“ಅದೆಲ್ಲಾ ಖರೆ. ಆದ್ರ ನಾ ಎಲ್ಲಿ ಕುಂದ್ರಲಿ?”

“ಅಣ್ಣಾರ, ನಿಮ್ಮ ಮಗನ ಲಗ್ನಪತ್ರಿಕಾದಾಗ ಗಣಪತಿ ಎಲ್ಲಿದ್ದ?”

“ಎಲ್ಲಾರ್ಗಿಂತ ಮ್ಯಾಲೆ. ಮತ್ತೆಲ್ಲಿ?”

“ಎಷ್ಟ ದೊಡ್ಡಾಂವ ಇದ್ದ?”

ರಾವಸಾಹೇಬರು ತಮ್ಮ ಹೆಬ್ಬೆರಳಿನ ಉಗುರನ್ನು ನೋಡಿಕೊಂಡರಂತೆ. ಆಮೇಲೆ, “ಹಂಗ ಮಾಡ ಹೋಗ,” ಎಂದರಂತೆ.

ಈಗ ಪೋರ್ಟಲಿನ ತುತ್ತತುದಿಯಲ್ಲಿ ಉಗುರಿನಷ್ಟು ರಾವಸಾಹೇಬರು ಕೈಮುಗಿದು ನಿಂತಿದ್ದಾರೆ. ಅವರ ಕೆಳಗೇ ಪರೀಕ್ಷೆ, ಹಾಜರಿ, ವೇಳಾಪಟ್ಟಿ. ಮನಿಷಾ ಹಾಲ್ ಟಿಕೆಟ್ಟನ್ನೂ ಅದೇ ಒಡೆದ ಫೋನಿನಲ್ಲಿ ಇಳಿಸಿಕೊಂಡಳು. ಸಂಚಾಲಕರ ಸಾಲು ತಳಕ್ಕೆ ಹೋಗಿದೆ. ಅವರಾರೂ ಇನ್ನೂ ನೋಡಿಲ್ಲ.