ಮಹಡಿ ಮನೆಯ ಮೇಷ್ಟ್ರ ಚೀಟಿಗಳು
ಮಹಡಿ ಮನೆಗೆ ಬಾಡಿಗೆಗೆ ಬಂದ ನಿವೃತ್ತ ಮೇಷ್ಟ್ರಿಗೆ ಎಲ್ಲದಕ್ಕೂ ಒಂದು ಬೈಬಲ್ ವಾಕ್ಯ ಬೇಕು. ಒಂಟಿ ಜೀವ, ದುಂಡನೆಯ ಅಕ್ಷರ. ಬೆಳಿಗ್ಗೆ ಒಂದು ಚೀಟಿ ಬರೆದು ಎಲ್ಲಾದರೂ ಅಂಟಿಸದಿದ್ದರೆ ಅವರ ಗಂಟಲಲ್ಲಿ ಕಾಫಿ ಇಳಿಯದು. ಆದರೆ ಕೆಳಗಿರುವ ಮನೆಯೊಡತಿಗೆ ಪ್ರತಿ ಚೀಟಿಯೂ ತನ್ನತ್ತ ಬಿಟ್ಟ ಬಾಣ. ನಲ್ಲಿಯ ಮೇಲೆ ಬಾಯಾರಿದವರನ್ನು ಕರೆಯುವ ವಾಕ್ಯವಿದ್ದರೆ, ನೀರು ಬಿಟ್ಟಿದ್ದು ತಡವಾಯಿತೆಂಬ ಚುಚ್ಚುಮಾತು. ಮೆಟ್ಟಿಲ ಬಳಿ ಕಾಲಿಗೆ ದೀಪವಾಗುವ ವಾಕ್ಯವಿದ್ದರೆ, ಬಲ್ಬು ಹಾಕಿಸಿಲ್ಲವೆಂಬ ದೂರು. "ಇದನ್ನ ಯಾರಿಗೆ ಬರೆದಿದ್ದು ಮೇಷ್ಟ್ರೇ?" ಎಂದರೆ, "ನನಗೇ ಅಮ್ಮಾ, ಎಷ್ಟು ಓದಿದ್ರೂ ತಲೆಗೆ ಹತ್ತಲ್ಲ ನೋಡಿ" ಎಂದು ನಗುತ್ತಾರೆ. ಆ ನಗುವಂತೂ ಆಕೆಗೆ ಹಿಡಿಸದು. "ಬಾಯಲ್ಲಿ ಬೆಲ್ಲ, ಎದೇಲಿ ಕತ್ತರಿ ಕಣೇ" ಎಂದು ತಂಗಿಗೆ ಫೋನಿನಲ್ಲಿ ಹೇಳುತ್ತಾಳೆ. ಹೊರಗೇ ಇಷ್ಟು ಬರೆಯುವವರು ಒಳಗೆ ತನ್ನ ಬಗ್ಗೆ ಇನ್ನೇನು ಬರೆದಿದ್ದಾರೋ ಎಂಬ ಹುಳ ತಲೆ ಕೊರೆದು, ಮೇಷ್ಟ್ರು ಚರ್ಚಿಗೆ ಆರಾಧನೆಗೆ ಹೋದ ಒಂದು ಭಾನುವಾರ, ತನ್ನ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಆಕೆ ಮೊದಲ ಸಲ ಆ ಬಾಗಿಲು ತೆರೆದಳು. ಒಳಗಿನ ಗೋಡೆಗಳೆಲ್ಲ ಖಾಲಿ. ಬಾಗಿಲ ಹಿಂಬದಿಗೆ ಮಾತ್ರ, ಇನ್ನೊಬ್ಬರ ಬಗ್ಗೆ ತೀರ್ಪು ಮಾಡಬೇಡ ಎನ್ನುವ ವಾಕ್ಯದ ಒಂದು ದೊಡ್ಡ ಹಾಳೆ ಅಂಟಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ತಾರೀಖು ಹಾಕಿ ಹಾಕಿ ಮೇಷ್ಟ್ರು ದಿನವೂ ಒಂದೇ ಸಾಲು ಬರೆದುಕೊಂಡಿದ್ದರು: "ನಾನಿಲ್ಲದಾಗ ಕೆಳಗಿನ ಮನೆಯ ಅಮ್ಮ ಒಳಗೆ ಬರುತ್ತಾರೆಂದು ಇವತ್ತೂ ಅನುಮಾನಪಟ್ಟೆ. ಕ್ಷಮಿಸು ಕರ್ತನೇ." ಕೊನೆಯ ಸಾಲಿಗೆ ಅದೇ ಭಾನುವಾರದ ತಾರೀಖಿತ್ತು: "ಇವತ್ತು ಅನುಮಾನ ಬರಲಿಲ್ಲ. ನಿನಗೆ ಸ್ತೋತ್ರ, ಕರ್ತನೇ."