ಮಿಡತೆಯ ಐದು ಸೆಕೆಂಡು

ಕೋಚ್ ಸರ್ ಅವಳನ್ನು ಮೊದಲು ಕಂಡದ್ದು ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ ಇನ್ನೇನು ಅರ್ಧ ನಿಮಿಷ ಇರುವಾಗ. ಗುಮಾಸ್ತರು ಕಿಟಕಿಯ ಬಾಗಿಲು ಎಳೆಯುತ್ತಿದ್ದರು. ಮೈದಾನದ ಆಚೆ ತುದಿಯ ಗೇಟಿನಲ್ಲಿ ಒಬ್ಬ ಕುಳ್ಳ ಹುಡುಗಿ ಕಾಣಿಸಿಕೊಂಡಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಅರ್ಜಿ ಹಲ್ಲಿನ ನಡುವೆ. ಅಡ್ಡ ಬಂದ ಸಿಮೆಂಟ್ ಬೆಂಚನ್ನು ಸುತ್ತಿ ಬರುವಷ್ಟು ತಾಳ್ಮೆ ಅವಳಿಗಿರಲಿಲ್ಲ, ಹಾರಿಯೇ ಬಿಟ್ಟಳು.

“ಹೊತ್ತು ಮುಗೀತಮ್ಮಾ,” ಅಂದರು ಗುಮಾಸ್ತರು.

“ದೊಡ್ಡ ಮುಳ್ಳು ಇನ್ನೂ ಹನ್ನೆರಡಕ್ಕೆ ಬಂದಿಲ್ಲ, ನೋಡಿ ಅಣ್ಣಾ!”

ಗುಮಾಸ್ತರು ಗೋಡೆ ಗಡಿಯಾರ ನೋಡಿದರು, ಕೋಚ್ ಸರ್ ತಮ್ಮ ಕೈಗಡಿಯಾರ ನೋಡಿಕೊಂಡರು. ಅವಳು ಹೋದ ಮೇಲೆ ಗೇಟಿನ ತನಕ ಹೆಜ್ಜೆ ಹಾಕಿ ದೂರ ಅಳೆದೂ ಬಂದರು. ಸಂಜೆಯೊಳಗೆ ಅವಳಿಗೆ ‘ಮಿಡತೆ’ ಎಂದು ಹೆಸರಿಟ್ಟಾಗಿತ್ತು.

ಹದಿನೆಂಟು ವರ್ಷದಿಂದ ಆ ಕಾಲೇಜಿಗೆ ಓಟದಲ್ಲಿ ಒಂದು ಪದಕವೂ ಬಂದಿರಲಿಲ್ಲ. ಬಹುಮಾನದ ಕಪಾಟಿನಲ್ಲಿ ಚೆಸ್ ತಂಡದ ಎರಡು ಕಪ್‌ಗಳಿದ್ದವು, ಮಿಕ್ಕ ಜಾಗದಲ್ಲಿ ಕೋಚ್ ಸರ್ ತಮ್ಮ ಊಟದ ಡಬ್ಬಿ ಇಡುತ್ತಿದ್ದರು. ಈಗ ಎಂಟುನೂರು ಮೀಟರಿನ ಪದಕ ತಾನಾಗಿ ಕಾಲೇಜಿಗೆ ನಡೆದು, ಅಲ್ಲ, ಓಡಿ ಬಂದಿತ್ತು. ಅದು ಕೈತಪ್ಪಬಾರದು ಎಂಬುದೊಂದೇ ಅವರ ಚಿಂತೆ.

ಹಿಂದೊಮ್ಮೆ ಒಬ್ಬ ಓಟಗಾರನಿಗೆ, “ನಿನ್ನ ಸಮಯ ಭಲೇ ಇದೆ ಕಣೋ” ಅಂದು ಅಟ್ಟಕ್ಕೇರಿಸಿದ್ದರು. ಅವನು ಮರುದಿನದಿಂದ ಅಭ್ಯಾಸಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ, ಮುಂದಿನ ವಾರ ಬರಲೇ ಇಲ್ಲ. ಹಾಗಾಗಿ ಮಿಡತೆಯ ವಿಷಯದಲ್ಲಿ ಒಂದು ಉಪಾಯ ಮಾಡಿದರು. ಸ್ಟಾಪ್‌ವಾಚ್ ಏನು ತೋರಿಸಿದರೂ ಅದಕ್ಕೆ ಐದು ಸೆಕೆಂಡು ಸೇರಿಸಿ ಹೇಳುವುದು.

“ಎರಡು ನಿಮಿಷ ಇಪ್ಪತ್ಮೂರು,” ಅನ್ನುತ್ತಿದ್ದರು, ಮುಖ ಹುಳ್ಳಗೆ ಮಾಡಿಕೊಂಡು.

ವಿಶ್ವವಿದ್ಯಾಲಯದ ತಂಡಕ್ಕೆ ಎರಡು ಇಪ್ಪತ್ತರೊಳಗೆ ಬೇಕಿತ್ತು. ಕಾಲೇಜಿನ ಪಂದ್ಯದಲ್ಲಿ ಅವಳು ಉಳಿದವರನ್ನು ಅರ್ಧ ಸುತ್ತು ಹಿಂದೆ ಹಾಕಿದಳು. “ಆಮೆಗಳ ಜೊತೆ ಗೆದ್ದರೆ ಏನು ಬಂತು?” ಅಂದರು. ಹುಡುಗಿ ತಲೆಯಾಡಿಸಿ ಇನ್ನೊಂದು ಸುತ್ತು ಓಡಿದಳು. ಅವಳ ಬೆನ್ನು ಆಚೆ ತಿರುಗಿದ ಮೇಲೆ ಕೋಚ್ ಸರ್ ಗಡಿಯಾರಕ್ಕೆ ಮುತ್ತು ಕೊಟ್ಟರು.

ಇನ್ನಷ್ಟು ಪಳಗಲಿ ಎಂದು ಮೊದಲ ವರ್ಷ ಅವಳನ್ನು ಅಂತರ ಕಾಲೇಜು ಪಂದ್ಯಕ್ಕೆ ಕಳಿಸಿರಲಿಲ್ಲ. ಎರಡನೇ ವರ್ಷ ಆ ಪಂದ್ಯಕ್ಕೆ ಒಂದು ತಿಂಗಳಿರುವಾಗ ಮಿಡತೆ ಒಂದು ಚೀಟಿ ಹಿಡಿದು ಬಂದಳು.

“ಸರ್, ಅಗ್ನಿಶಾಮಕ ದಳದ ಆಯ್ಕೆಗೆ ಹೋಗಿದ್ದೆ. ಓಟ ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತಲ್ಲ, ಒಂದು ಕೆಲಸವಾದರೂ ಇರಲಿ ಅಂತ. ಅಲ್ಲೂ ಎಂಟುನೂರು ಮೀಟರ್ ಓಡಿಸಿದರು, ಮೂರು ಜನ ಮೂರು ಗಡಿಯಾರ ಹಿಡಿದಿದ್ದರು. ಮೂರರಲ್ಲೂ ಎರಡು ಹದಿನೇಳು. ಒಟ್ಟಿಗೆ ಕೆಟ್ಟಿರಬೇಕು, ಅಲ್ವಾ ಸರ್?”

ಕೋಚ್ ಸರ್ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹೇಳದೆ ವಿಧಿಯಿರಲಿಲ್ಲ, ಹೇಳಿದರು.

“ಐದು ಸೆಕೆಂಡಾ? ದಿನಾನಾ?”

“ನಿನಗೆ ಕೊಬ್ಬು ಬರಬಾರದು ಅಂತ ಕಣಮ್ಮಾ.”

“ಕೊಬ್ಬು ಬರಲಿಲ್ಲ ಸರ್. ಕೆಲಸ ಬಂತು.” ಅವಳು ಕಿಸಕ್ಕನೆ ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

“ಒಂದು ತಿಂಗಳು ತಡಿ ತಾಯಿ. ಪದಕ ನಿನ್ನದೇ. ಆಮೇಲೆ ಬೇಕಾದರೆ ಬೆಂಕಿ ಆರಿಸು.”

“ಸೋಮವಾರ ತರಬೇತಿ ಶುರು. ಹೋಗದಿದ್ದರೆ ಜಾಗ ಬೇರೆಯವರಿಗೆ.” ಚೀಟಿ ಮಡಚಿಟ್ಟುಕೊಂಡಳು. “ಎರಡು ವರ್ಷ ನಾನು ನಿಧಾನ ಅಂತಲೇ ನಂಬಿಕೊಂಡು ಮಲಗ್ತಿದ್ದೆ ಸರ್. ಅಲ್ಲಿ ನಾನು ಓಡಿದ್ದು ಎಷ್ಟೋ ಅಷ್ಟೇ ಹೇಳಿದರು. ನಾನು ಅಲ್ಲಿಗೇ ಹೋಗ್ತೀನಿ.”

ಕೋಚ್ ಸರ್ ತಡೆಯಲಿಲ್ಲ. ತಡೆಯಲು ಯಾವ ಮುಖ ಇತ್ತು? ಆ ವರ್ಷದ ಪಂದ್ಯದಲ್ಲಿ ಎಂಟುನೂರು ಮೀಟರ್ ಗೆದ್ದವಳ ಸಮಯ ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು. ಅವರು ಅದನ್ನು ಕೇಳಿ ಎದ್ದು ನೀರು ಕುಡಿಯಲು ಹೋದರು.

ಮಿಡತೆ ಈಗ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡುತ್ತಾಳೆ. ಹೊಸಬರಿಗೆ ಏಣಿ ಹತ್ತುವುದನ್ನು ಕಲಿಸುತ್ತಾಳೆ, ಗಡಿಯಾರ ತೋರಿಸಿದಷ್ಟೇ ಸಮಯ ಹೇಳುತ್ತಾಳೆ.